ಸೈನಿಕನ ಒಲವು ಮತ್ತು ಮೌನದ ಕಟ್ಟಳೆ

ಸೇನೆಗೆ ಸೇರುವವನು ಹಲವು ಕಾಗದಗಳಿಗೆ ಸಹಿ ಹಾಕಬೇಕಾಗುತ್ತದೆ. ಅವುಗಳಲ್ಲಿ ಒಂದು, ಅವನು ರಣಭೂಮಿಯಲ್ಲಿ ಮಡಿದರೆ ಮೊದಲು ಯಾರ ಮನೆಯ ಕದವನ್ನು ತಟ್ಟಬೇಕು ಎಂಬುದನ್ನು ಕೇಳುವ ಕಾಗದ. ವಿವಾಹಿತನು ಅಲ್ಲಿ ಹೆಂಡತಿಯ ಹೆಸರನ್ನು ಬರೆಯುತ್ತಾನೆ. ಅವಿವಾಹಿತನು ತಾಯಿತಂದೆಗಳ ಹೆಸರನ್ನು ಬರೆಯುತ್ತಾನೆ. ಇದಕ್ಕೆ ಅರೆಗಳಿಗೆಯೂ ಹಿಡಿಯದು. ಆದರೆ ಗಂಡನ್ನು ಒಲಿದ ಗಂಡೂ ಹೆಣ್ಣನ್ನು ಒಲಿದ ಹೆಣ್ಣೂ ಆ ಒಂದು ಸಾಲಿನ ಮುಂದೆ ಲೇಖನಿ ಹಿಡಿದು ತಡೆದು ಕುಳಿತಿರಬೇಕಾಗಿದ್ದ ಕಾಲವೊಂದಿದ್ದಿತು. ಅನೇಕ ದೇಶಗಳಲ್ಲಿ ಆ ಕಾಲವು ಇನ್ನೂ ಕಳೆದಿಲ್ಲ. ದೇಶಕ್ಕಾಗಿ ಪ್ರಾಣವನ್ನು ಕೊಡಲು ಸಿದ್ಧನಾದವನು ತನ್ನ ಪ್ರಾಣಕ್ಕೆ ಹತ್ತಿರವಾದವರು ಯಾರೆಂಬುದನ್ನು ಮಾತ್ರ ನುಡಿಯಬಾರದು ಎಂದು ವಿಧಿಸುವುದು ನ್ಯಾಯವೇ? ಹಾಗೆ ವಿಧಿಸಿದರೆ ಅವನ ಮನಸ್ಸಿಗೂ ಅವನ ಒಲವಿಗೂ ಆಗುವುದೇನು?

ಈ ವಿಷಯವು ಮನೆವಾರ್ತೆಯಲ್ಲಿ ಮುಳುಗಿರುವ ಸಂಸಾರಿಗಳಿಗೆ ದೂರದ್ದೆಂದು ತೋರಬಹುದು. ದೂರದ್ದಲ್ಲ. ಗಂಡಹೆಂಡಿರ ಬಾಳಿನಲ್ಲಿ ಎಷ್ಟು ಭಾಗ ಇತರರ ಕಣ್ಣೆದುರಿನಲ್ಲಿ ನಡೆಯುತ್ತದೆ, ಆ ಭಾಗವನ್ನು ಕಿತ್ತುಕೊಂಡರೆ ಉಳಿಯುವುದೆಷ್ಟು ಎಂಬುದನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಲಿಂಗಪ್ರೇಮಿಗಳಿಗೆ ಸೇನೆಯಲ್ಲಿ ಎಡೆಯಿಲ್ಲವೆಂಬುದು ಬಹುಕಾಲದ ನಿಯಮವಾಗಿದ್ದಿತು. ಅದನ್ನು ತೆಗೆದುಹಾಕುವೆನೆಂದು ಬಿಲ್ ಕ್ಲಿಂಟನ್ ಅವರು 1992ರ ಚುನಾವಣೆಯಲ್ಲಿ ಮಾತು ಕೊಟ್ಟರು. ಅಧ್ಯಕ್ಷರಾದ ಮೇಲೆ ಸೇನಾಧಿಪತಿಗಳೂ ಶಾಸನಸಭೆಯವರೂ ಅಡ್ಡಬಂದರು. ಕೊನೆಗೆ ಒಂದು ರಾಜಿ ಏರ್ಪಟ್ಟು, 1993ರ ನವೆಂಬರ್ 30ರಂದು ಅದಕ್ಕೆ ಅಧ್ಯಕ್ಷರ ಅಂಕಿತ ಬಿದ್ದಿತು. ಜನರು ಅದನ್ನು ‘ಕೇಳಬೇಡ, ಹೇಳಬೇಡ’ ಎಂಬ ಹೆಸರಿನಿಂದ ಕರೆದರು. ಸೇರುವಾಗ ಅಧಿಕಾರಿಯು ಕೇಳಕೂಡದು, ಸೇರಿದವನು ಹೇಳಕೂಡದು. ಹೇಳದೆ ಇರುವವರೆಗೆ ಅವನು ಸೈನಿಕ, ಹೇಳಿದನೆಂದರೆ ಸೈನಿಕನಲ್ಲ.

ಮೇಲುನೋಟಕ್ಕೆ ಇದು ದಯೆಯ ಕಟ್ಟಳೆಯಂತೆ ಕಾಣುತ್ತದೆ. “ನಿನ್ನ ಒಲವು ನಿನ್ನ ಮನೆಯೊಳಗಿರಲಿ, ನಾವು ಇಣುಕುವುದಿಲ್ಲ” ಎಂದು ಹೇಳುವಂತಿದೆ. ಆಗಿನ ಕಾಲದಲ್ಲಿ ಸಜ್ಜನರಾದ ಅನೇಕರು ಹಾಗೆಯೇ ಭಾವಿಸಿದರು. ಆದರೆ ವಿಧಿಯ ಅಕ್ಷರಗಳನ್ನು ಓದಿದರೆ ಬೇರೆಯದು ಕಾಣುತ್ತದೆ. ದೇಹಸಂಬಂಧವೊಂದೇ ಅಲ್ಲ, ‘ನಾನು ಇಂಥವನು’ ಎಂಬ ಒಂದು ನುಡಿಯೂ ಹೊರಹಾಕಲು ಸಾಕಾದ ಕಾರಣವಾಗಿದ್ದಿತು. ಸಲಿಂಗ ವಿವಾಹವೂ, ಅದಕ್ಕೆ ಪ್ರಯತ್ನಿಸುವುದೂ ಹಾಗೆಯೇ. ಸ್ತ್ರೀಪುರುಷರಿಬ್ಬರಲ್ಲಿಯೂ ಅನುರಾಗ ಮೂಡಬಲ್ಲವರಿಗೂ ಇದೇ ವಿಧಿ ಅನ್ವಯಿಸುತ್ತಿದ್ದಿತು. ಅಂಥವರು ಅನುಮತಿಯಿರುವ ಕಡೆಗೆ ಮನಸ್ಸನ್ನು ತಿರುಗಿಸಿಕೊಳ್ಳಬಹುದಲ್ಲವೇ ಎಂದು ಕೇಳಿದವರುಂಟು. ಒಲವು ಅಂಗಡಿಯಲ್ಲಿ ಆರಿಸಿಕೊಳ್ಳುವ ಬಟ್ಟೆಯಲ್ಲವೆಂಬುದನ್ನು ವಿವಾಹಿತರಾದವರಿಗೆ ಹೇಳಿಕೊಡಬೇಕಾಗಿಲ್ಲ. 1994ರಿಂದ 2011ರವರೆಗೆ ಈ ಕಟ್ಟಳೆಯ ಕೆಳಗೆ ಉದ್ಯೋಗ ಕಳೆದುಕೊಂಡವರು 13,000ಕ್ಕೂ ಹೆಚ್ಚು ಮಂದಿ. ಅವರಲ್ಲಿ ಅರಬ್ಬೀ ಭಾಷೆ ಬಲ್ಲವರೂ ಇದ್ದರು. ಅವರ ಅವಶ್ಯಕತೆ ಆ ಸೇನೆಗೆ ಅತಿಯಾಗಿದ್ದ ದಿನಗಳಲ್ಲಿಯೇ ಅವರನ್ನು ಕಳುಹಿಸಲಾಯಿತು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ಏಕಾಂತವೆಂಬುದೊಂದು, ಮರೆಮಾಚುವಿಕೆಯೆಂಬುದು ಇನ್ನೊಂದು. ಇವೆರಡೂ ಮೌನವೇ ಆದರೂ ಒಂದರ ಗುಣ ಇನ್ನೊಂದಕ್ಕಿಲ್ಲ. ಏಕಾಂತವು ಮನುಷ್ಯನು ತಾನಾಗಿ ಹಾಕಿಕೊಂಡ ಬಾಗಿಲು. ಬೇಕಾದಾಗ ತೆರೆಯಬಹುದು, ಬೇಡವಾದಾಗ ಮುಚ್ಚಬಹುದು. ಮರೆಯು ಹೊರಗಿನಿಂದ ಅಗುಳಿ ಹಾಕಿದ ಬಾಗಿಲು. ಗಂಡಹೆಂಡಿರು ತಮ್ಮ ಶಯನಗೃಹದ ಮಾತನ್ನು ಬೀದಿಯಲ್ಲಿ ಆಡುವುದಿಲ್ಲ, ಅದು ಮರ್ಯಾದೆ. ಆದರೆ ‘ಇವಳು ನನ್ನ ಹೆಂಡತಿ’ ಎಂಬ ಮಾತು ಶಯನಗೃಹಕ್ಕೆ ಸೇರಿದುದಲ್ಲ. ಸಿಪಾಯಿಯೊಬ್ಬನು ತನ್ನ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಹೆಂಡತಿಯ ಭಾವಚಿತ್ರವನ್ನು ಅಂಟಿಸಿಕೊಂಡರೆ ಅವನು ತನ್ನ ಕಾಮವನ್ನು ಜಗತ್ತಿಗೆ ಸಾರಿದನೆಂದು ಯಾರೂ ಹೇಳುವುದಿಲ್ಲ. ಅದೇ ಜಾಗದಲ್ಲಿ ಇನ್ನೊಬ್ಬನು ತನ್ನ ಗೆಳೆಯನ ಚಿತ್ರವನ್ನು ಅಂಟಿಸಿದರೆ ಮಾತ್ರ ಅದು ಸಾರಿದಂತೆ ಎಂದು ಹೇಳುವುದು ಒಂದೇ ತಕ್ಕಡಿಗೆ ಎರಡು ಬಟ್ಟು ಇಟ್ಟಂತೆ.

ಮರೆಯು ಬೇಡುವುದು ಬರಿಯ ಮೌನವನ್ನಲ್ಲ ಎಂಬುದು ಇನ್ನೂ ಗಂಭೀರವಾದ ಮಾತು. ಜೊತೆಗಾರರ ನಡುವೆ ಬದುಕುವವನು ಮೌನವಾಗಿರಲಾರ. ರಜೆಗೆ ಎಲ್ಲಿಗೆ ಹೋಗಿದ್ದೆ, ಯಾರೊಡನೆ ಹೋಗಿದ್ದೆ, ಪತ್ರ ಬರೆದವರು ಯಾರು ಎಂದು ಗೆಳೆಯರು ಕೇಳುತ್ತಾರೆ. ಅದು ಕುತೂಹಲವಲ್ಲ, ಸ್ನೇಹ. ಉತ್ತರಿಸದಿದ್ದರೆ ಗರ್ವಿಷ್ಠನೆನಿಸಿಕೊಳ್ಳಬೇಕು, ಉತ್ತರಿಸಿದರೆ ಸುಳ್ಳಾಡಬೇಕು. ಕನ್ನಡದಲ್ಲಿ ‘ಅವರು’ ಎಂಬ ಗೌರವದ ಮಾತಿನ ನೆರಳಿನಲ್ಲಿ ಗಂಡೋ ಹೆಣ್ಣೋ ತಿಳಿಸದೆಯೇ ಎಷ್ಟೋ ದೂರ ಸಾಗಬಹುದು. ಇಂಗ್ಲಿಷಿನಲ್ಲಿ ಒಬ್ಬರನ್ನು ಕುರಿತು ಆಡುವಾಗ ಆ ಅನುಕೂಲ ಅಷ್ಟು ಸಲೀಸಲ್ಲ. ಎರಡನೆಯ ವಾಕ್ಯಕ್ಕೇ ಅವನೋ ಅವಳೋ ಎಂಬುದು ಹೊರಬೀಳುತ್ತದೆ. ಆದುದರಿಂದ ಆ ಸೈನಿಕರು ‘ಅವನು’ ಎಂದು ಹೇಳಬೇಕಾದಲ್ಲೆಲ್ಲ ‘ಅವಳು’ ಎಂದು ಹೇಳುವುದನ್ನು ಅಭ್ಯಾಸ ಮಾಡಿಕೊಂಡರು. ಸೇನೆಯ ಮೊದಲ ಪಾಠವೇ ಸತ್ಯಸಂಧತೆ. ಆ ಪಾಠವನ್ನು ಕಲಿಸಿದ ಸಂಸ್ಥೆಯೇ ದಿನಕ್ಕೆ ಹತ್ತು ಸಾರಿ ಸುಳ್ಳಾಡುವುದನ್ನು ಉದ್ಯೋಗದ ಷರತ್ತಾಗಿ ಇಟ್ಟಿತು. ನಡೆಯೂ ನುಡಿಯೂ ಒಂದಾಗಿರಬೇಕೆಂದು ನಂಬಿದವರಿಗೆ ಈ ಕಟ್ಟಳೆಯ ದೋಷವನ್ನು ತೋರಿಸಲು ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಸತ್ಯ ನುಡಿದವರ ಗತಿ ಏನಾಯಿತೆಂಬುದಕ್ಕೆ, ಈ ರಾಜಿಗೂ ಹಿಂದಿನದಾದ ಕರ್ನಲ್ ಮಾರ್ಗರೆಥೆ ಕ್ಯಾಮರ್‌ಮೆಯರ್ ಅವರ ಉದಾಹರಣೆ ಇದೆ. ಆಕೆ ಸೇನೆಯ ದಾದಿ. ವಿಯೆಟ್ನಾಮಿನಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಬ್ರಾಂಜ್ ಸ್ಟಾರ್ ಪದಕವನ್ನು ಪಡೆದವರು. ವಿವಾಹವಾಗಿ ನಾಲ್ಕು ಗಂಡುಮಕ್ಕಳ ತಾಯಿಯಾದವರು. ತನ್ನ ಸ್ವಭಾವವು ಆಕೆಗೆ ಸ್ಪಷ್ಟವಾದುದು ನಡುವಯಸ್ಸಿನಲ್ಲಿ. 1989ರಲ್ಲಿ ಉನ್ನತ ಪದವಿಗಾಗಿ, ರಹಸ್ಯ ಕಾಗದಗಳನ್ನು ನೋಡುವ ಅನುಮತಿಯನ್ನು ಕೋರಿದಾಗ ತನಿಖೆಗೆ ಬಂದ ಅಧಿಕಾರಿಯು ಪ್ರಶ್ನಿಸಿದನು. ಆಕೆ ಇದ್ದುದನ್ನು ಇದ್ದಂತೆ ಹೇಳಿದರು. 1992ರ ಜೂನಿನಲ್ಲಿ ಆಕೆಯನ್ನು ಹೊರಹಾಕಲಾಯಿತು. ಎರಡು ವರ್ಷಗಳ ಬಳಿಕ ನ್ಯಾಯಾಲಯವು ಅದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿದ ಮೇಲೆ ಮರಳಿ ಕೆಲಸಕ್ಕೆ ಬಂದು 1997ರಲ್ಲಿ ನಿವೃತ್ತರಾದರು.

ಇಂಥವರಿಗೆ ರಹಸ್ಯವನ್ನು ಒಪ್ಪಿಸಬಾರದೆಂಬುದಕ್ಕೆ ಸರ್ಕಾರಗಳು ಬಹುಕಾಲ ಕೊಡುತ್ತಿದ್ದ ಕಾರಣವೊಂದಿದೆ. ಸಲಿಂಗಪ್ರೇಮಿಯ ಗುಟ್ಟನ್ನು ಶತ್ರುವು ಹಿಡಿದು ಬೆದರಿಸಿ ರಹಸ್ಯವನ್ನು ಕಸಿದುಕೊಳ್ಳಬಹುದು ಎಂಬುದೇ ಆ ಕಾರಣ. ಗುಟ್ಟು ಬಯಲಾದರೆ ಕೆಲಸ ಹೋಗುತ್ತದೆ ಎಂಬ ಭಯವಿಲ್ಲದಿದ್ದರೆ ಬೆದರಿಕೆಗೆ ಬಲವೆಲ್ಲಿಂದ ಬಂದೀತು? ಆ ಭಯವನ್ನು ಹುಟ್ಟಿಸಿದುದೇ ನಿಯಮ. ತಾನೇ ತೋಡಿದ ಗುಂಡಿಯನ್ನು ತೋರಿಸಿ, ಇಲ್ಲಿ ಬೀಳುವವರು ನಂಬಿಕೆಗೆ ಅರ್ಹರಲ್ಲವೆಂದು ಹೇಳಿದಂತಾಯಿತು. ತನ್ನ ಪದವಿಯನ್ನೇ ಪಣವಾಗಿಟ್ಟು ಸತ್ಯ ನುಡಿದ ಆ ದಾದಿಯನ್ನು ಬೆದರಿಸಲು ಯಾರಿಗೂ ಏನೂ ಉಳಿದಿರಲಿಲ್ಲ.

ಎದುರುಪಕ್ಷದ ವಾದವನ್ನು ಹಗುರಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಸೇನೆಯು ಮನೆಯಲ್ಲ, ಕಚೇರಿಯೂ ಅಲ್ಲ. ಅಲ್ಲಿ ಒಂದೇ ಕೊಠಡಿಯಲ್ಲಿ ಹತ್ತಾರು ಜನ ಮಲಗಬೇಕು, ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿರಬೇಕು. ಆದುದರಿಂದ ಪರಸ್ಪರ ವಿಶ್ವಾಸವನ್ನು ಕದಡುವ ಯಾವುದಕ್ಕೂ ಎಡೆಗೊಡಬಾರದು ಎಂಬುದು ಸೇನಾನಾಯಕರ ಮಾತು. ಈ ಮಾತಿನಲ್ಲಿ ತಿರುಳಿದೆ. ತುಕಡಿಯೊಳಗೆ ಮೇಲಧಿಕಾರಿಗೂ ಕೈಕೆಳಗಿನವರಿಗೂ ಪ್ರಣಯ ಬೆಳೆದರೆ ಶಿಸ್ತು ಕೆಡುತ್ತದೆ. ಆದರೆ ಅದು ಗಂಡುಹೆಣ್ಣುಗಳ ನಡುವೆ ಬೆಳೆದರೂ ಕೆಡುತ್ತದೆ, ಅದನ್ನು ತಡೆಯುವ ನಿಯಮಗಳು ಎಲ್ಲರಿಗೂ ಸಮನಾಗಿವೆ. ಉಳಿಯುವುದು, ಇತರ ಸೈನಿಕರಿಗೆ ಅಸಹ್ಯವಾಗುತ್ತದೆ ಎಂಬ ಮಾತೊಂದೇ. ಬ್ರಿಟನ್ನಿನ ಸೈನಿಕರು ತಂದ ಮೊಕದ್ದಮೆಗಳಲ್ಲಿ 1999ರ ಸೆಪ್ಟೆಂಬರ್ 27ರಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಇದನ್ನೇ ಪರಿಶೀಲಿಸಿತು. ಬಹುಸಂಖ್ಯಾತರ ಪೂರ್ವಗ್ರಹವು ಒಬ್ಬರ ಜೀವನವನ್ನು ಮುರಿಯಲು ಸಾಕಾದ ಕಾರಣವಲ್ಲ, ಬಣ್ಣ ಮತ್ತು ಕುಲಗಳ ವಿಷಯದಲ್ಲಿ ಅದು ಹೇಗೆ ಸಾಕಾಗದೋ ಇಲ್ಲಿಯೂ ಹಾಗೆಯೇ, ಎಂಬುದು ಅದರ ಅಭಿಪ್ರಾಯ. 2000ದ ಜನವರಿ 12ರಂದು ಬ್ರಿಟನ್ ತನ್ನ ನಿಷೇಧವನ್ನು ತೆಗೆಯಿತು. ಅಮೆರಿಕದ ರಕ್ಷಣಾ ಇಲಾಖೆಯು 2010ರಲ್ಲಿ ತನ್ನ ಸೈನಿಕರನ್ನೇ ಕೇಳಿದಾಗ ಸುಮಾರು 1,15,000 ಮಂದಿ ಉತ್ತರವಿತ್ತರು. ಸಲಿಂಗಪ್ರೇಮಿಯೊಬ್ಬರೊಡನೆ ಕೆಲಸ ಮಾಡಿದ್ದೇವೆಂದು ನಂಬಿದವರಲ್ಲಿ ನೂರಕ್ಕೆ 92 ಮಂದಿ, ತಮ್ಮ ತುಕಡಿಯ ಹೊಂದಾಣಿಕೆಯು ಚೆನ್ನಾಗಿದ್ದಿತು ಅಥವಾ ಕೆಟ್ಟದ್ದೇನೂ ಆಗಿರಲಿಲ್ಲ ಎಂದರು. 

ನಮ್ಮ ದೇಶದಲ್ಲಿ ಈ ಪ್ರಶ್ನೆ ಇನ್ನೂ ತೆರೆದೇ ಇದೆ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸಾರಿತು. ಆದರೆ ಮೂಲಭೂತ ಹಕ್ಕುಗಳನ್ನು ಸೈನಿಕರ ಮಟ್ಟಿಗೆ ಮಿತಗೊಳಿಸಲು ಸಂವಿಧಾನದ 33ನೆಯ ವಿಧಿಯು ಸಂಸತ್ತಿಗೆ ಅಧಿಕಾರವಿತ್ತಿದೆ. 1950ರ ಸೇನಾ ಅಧಿನಿಯಮದಲ್ಲಿ ಅಸಭ್ಯವೂ ಅಸ್ವಾಭಾವಿಕವೂ ಆದ ನಡತೆಯನ್ನು ದಂಡಿಸುವ ವಿಧಿಯೂ ಉಂಟು. 2019ರ ಜನವರಿಯಲ್ಲಿ ಅಂದಿನ ಭೂಸೇನೆಯ ಮುಖ್ಯಸ್ಥರಾದ ಜನರಲ್ ಬಿಪಿನ್ ರಾವತ್ ಅವರು ಇದಕ್ಕೆ ಸೇನೆಯಲ್ಲಿ ಅವಕಾಶವಿಲ್ಲವೆಂದು ಹೇಳಿದರು. ಕೊಡಗಿನ ಮನೆಗಳೂ ಬೆಳಗಾವಿಯ ಸುತ್ತಿನ ಹಳ್ಳಿಗಳೂ ಸೇನೆಗೆ ಮಕ್ಕಳನ್ನು ಕೊಟ್ಟಿವೆ. ಆ ಮಕ್ಕಳಲ್ಲಿ ಒಬ್ಬರೂ ಇಂಥವರಿರಲಾರರೆಂದು ತಿಳಿಯುವುದು ಮನುಷ್ಯಸ್ವಭಾವವನ್ನು ಅರಿಯದವರ ಮಾತು. ಮಗನು ರಜೆಗೆ ಬಂದಾಗ ಮದುವೆಯ ಮಾತನ್ನು ತೆಗೆದರೆ ಮುಖ ತಿರುಗಿಸುವುದೇಕೆಂದು ತಾಯಿತಂದೆಗಳು ಕೊರಗುವ ಮನೆಗಳಲ್ಲಿ ಒಂದೆರಡರ ಕಾರಣವಾದರೂ ಇದೇ ಆಗಿರಬಹುದು.

ಕ್ಷೇಮವೆಂಬ ಮಾತಿಗೆ ಬಂದರೆ, ಮರೆಯ ಭಾರವು ಮನಸ್ಸಿನ ಮೇಲೆ ಏನು ಮಾಡುತ್ತದೆಂಬುದನ್ನು ಮನಶ್ಶಾಸ್ತ್ರಜ್ಞರು ಹಲವು ದಶಕಗಳಿಂದ ಅಭ್ಯಸಿಸಿದ್ದಾರೆ. ಇಲಾನ್ ಮೇಯರ್ ಎಂಬ ವಿದ್ವಾಂಸರು 2003ರಲ್ಲಿ ಪ್ರಕಟಿಸಿದ ಪ್ರಬಂಧವು ಬಹುವಾಗಿ ಉಲ್ಲೇಖಿಸಲ್ಪಟ್ಟಿದೆ. ಇಂಥವರಲ್ಲಿ ಹೆಚ್ಚಾಗಿ ಕಾಣುವ ಖಿನ್ನತೆ, ಆತಂಕಗಳ ಮೂಲವು ಅವರ ಒಲವಿನಲ್ಲಿಲ್ಲ. ಇತರರ ತಿರಸ್ಕಾರ, ತಿರಸ್ಕಾರ ಬಂದೀತೆಂಬ ಸದಾ ಎಚ್ಚರ, ಬಚ್ಚಿಟ್ಟುಕೊಳ್ಳುವ ಶ್ರಮ, ಕೊನೆಗೆ ಆ ತಿರಸ್ಕಾರವನ್ನು ತಾನೇ ನಂಬಿಬಿಡುವುದು, ಇವುಗಳಲ್ಲಿದೆ ಎಂದು ಅವರು ವಿವರಿಸಿದರು. ಸೈನಿಕನಿಗೆ ಪಹರೆಯ ಎಚ್ಚರವೇ ಸಾಕಷ್ಟಿದೆ. ಪಹರೆ ಮುಗಿಸಿ ಬಂದವನು ತನ್ನ ನಾಲಿಗೆಗೂ ಪಹರೆ ಹಾಕಿಕೊಂಡು ಮಲಗಬೇಕಾದರೆ ಅವನಿಗೆ ವಿಶ್ರಾಂತಿಯೆಲ್ಲಿ? ವೈದ್ಯನ ಬಳಿ ಹೋಗಿ ಮನಸ್ಸನ್ನು ತೋಡಿಕೊಳ್ಳೋಣವೆಂದರೆ ಅದೂ ಅಪಾಯಕರವಾಗಿದ್ದಿತು. ವೈದ್ಯರೊಡನೆ, ಪಾದ್ರಿಗಳೊಡನೆ, ವಕೀಲರೊಡನೆ ಗೋಪ್ಯವಾಗಿ ಆಡಿದ ಮಾತನ್ನು ಸೈನಿಕನ ವಿರುದ್ಧ ಬಳಸಬಾರದೆಂದು ಅಮೆರಿಕದ ರಕ್ಷಣಾ ಇಲಾಖೆಯು ಆಜ್ಞೆ ಹೊರಡಿಸಿದುದು 2010ರ ಮಾರ್ಚಿನಲ್ಲಿ, ಕಟ್ಟಳೆಗೆ ಹದಿನಾರು ವರ್ಷ ತುಂಬಿದ ಮೇಲೆ.

ಮನೆಯಲ್ಲಿ ಉಳಿದವರ ಪಾಡು ಇದಕ್ಕಿಂತ ಕಡಮೆಯದಲ್ಲ. ಅದನ್ನು ಕುರಿತು ಬರೆದವರು ಮಾತ್ರ ಕಡಮೆ. ಗಂಡನು ಯುದ್ಧಕ್ಕೆ ಹೊರಟಾಗ ಹೆಂಡತಿಗೆ ನೆರೆಯವರು ಒದಗುತ್ತಾರೆ. ಇತರ ಸೈನಿಕರ ಹೆಂಡಿರು ಸೇರಿ ಧೈರ್ಯ ಹೇಳುತ್ತಾರೆ. ಕ್ಷೇಮಸಮಾಚಾರ ಅವಳಿಗೆ ತಲುಪುತ್ತದೆ. ಮರೆಯಲ್ಲಿದ್ದ ಸಂಗಾತಿಗೆ ಇವಾವುವೂ ಇರಲಿಲ್ಲ. ಬೀಳ್ಕೊಡುವ ದಿನ ಅವನೋ ಅವಳೋ ‘ಗೆಳೆಯ’ನೆಂದೋ ‘ಕೊಠಡಿಯ ಜೊತೆಗಾರ್ತಿ’ಯೆಂದೋ ಹಿಂದೆ ನಿಂತು, ಇತರರು ಅಪ್ಪಿಕೊಂಡು ಅಳುವಾಗ ಕೈಕುಲುಕಿ ಮರಳಬೇಕು. ಸಂಬಂಧವು ಮುರಿದುಬಿದ್ದರೆ ಆ ದುಃಖಕ್ಕೂ ಹೆಸರಿಲ್ಲ. ಹೆಂಡತಿ ಬಿಟ್ಟುಹೋದ ಸೈನಿಕನನ್ನು ಗೆಳೆಯರು ಸಂತೈಸಿಯಾರು. ಇಲ್ಲದ ಸಂಗಾತಿಯನ್ನು ಕಳೆದುಕೊಂಡವನನ್ನು ಸಂತೈಸುವವರಾರು? ಇಷ್ಟರ ನಡುವೆಯೂ ವರ್ಷಗಟ್ಟಲೆ ಬಾಳಿದ ಜೋಡಿಗಳಿದ್ದವು. ಅವರ ನಿಷ್ಠೆಯನ್ನು ಮೆಚ್ಚಬೇಕು. ಆದರೆ ಆ ನಿಷ್ಠೆಯನ್ನು ತೋರಿಸಿ ಮರೆಯಿಂದ ಹಾನಿಯಾಗಲಿಲ್ಲವೆಂದು ವಾದಿಸುವುದು ಬರಗಾಲದಲ್ಲಿ ಬದುಕಿದವರನ್ನು ತೋರಿಸಿ ಮಳೆ ಬೇಕಾಗಿರಲಿಲ್ಲವೆಂದು ಹೇಳಿದಂತೆ.

ಈ ಕಟ್ಟಳೆಯನ್ನು ತೆಗೆಯುವ ಶಾಸನಕ್ಕೆ 2010ರ ಡಿಸೆಂಬರ್ 22ರಂದು ಅಧ್ಯಕ್ಷ ಬರಾಕ್ ಒಬಾಮಾ ಅವರು ಸಹಿ ಹಾಕಿದರು. 2011ರ ಸೆಪ್ಟೆಂಬರ್ 20ರಂದು ಅದು ಕೊನೆಗೊಂಡಿತು. ನಾಲಿಗೆಗೆ ಬಿಡುಗಡೆಯಾಯಿತು. ಸಂಬಂಧಕ್ಕೆ ಇನ್ನೂ ಆಗಿರಲಿಲ್ಲ. ಕೇಂದ್ರ ಸರ್ಕಾರವು ಗಂಡುಹೆಣ್ಣುಗಳ ವಿವಾಹವನ್ನು ಮಾತ್ರ ವಿವಾಹವೆಂದು ಎಣಿಸತಕ್ಕದ್ದೆಂಬ 1996ರ ಶಾಸನವು ಜಾರಿಯಲ್ಲಿದ್ದಿತು. ಉತ್ತರ ಕ್ಯಾರೊಲೈನಾದ ನ್ಯಾಷನಲ್ ಗಾರ್ಡಿಗೆ ಸೇರಿದ ಸಾರ್ಜೆಂಟ್ ಡೋನಾ ಜಾನ್ಸನ್ ಎಂಬಾಕೆ 2012ರ ಅಕ್ಟೋಬರ್ 1ರಂದು ಆಫ್ಘಾನಿಸ್ತಾನದ ಖೋಸ್ತಿನಲ್ಲಿ ಆತ್ಮಾಹುತಿ ಬಾಂಬಿಗೆ ಬಲಿಯಾದರು. ಅದೇ ವರ್ಷ ಅವರು ಒಬ್ಬ ಮಹಿಳೆಯೊಡನೆ ವಿಧಿವತ್ತಾಗಿ ವಿವಾಹವಾಗಿದ್ದರು. ಆದರೆ ಸೇನೆಯು ಸುದ್ದಿಯನ್ನು ಮುಟ್ಟಿಸಿದುದು ತಾಯಿಗೆ; ಮಡದಿಯು ಸೇನೆಯ ಲೆಕ್ಕದಲ್ಲಿ ಸಮೀಪ ಬಂಧುವಾಗಿರಲಿಲ್ಲ. ನ್ಯೂ ಹ್ಯಾಂಪ್‌ಷೈರಿನ ನ್ಯಾಷನಲ್ ಗಾರ್ಡಿನ ಚಾರ್ಲಿ ಮಾರ್ಗನ್ ಎಂಬ ಇನ್ನೊಬ್ಬ ಅಧಿಕಾರಿಣಿಯು ಸ್ತನದ ಕ್ಯಾನ್ಸರಿನಿಂದ ನರಳುತ್ತಿದ್ದಾಗಲೂ ತನ್ನ ಮರಣಾನಂತರ ಮಡದಿಗೂ ಮಗಳಿಗೂ ಸಲ್ಲಬೇಕಾದ ಜೀವನಾಂಶಕ್ಕಾಗಿ ಹೋರಾಡಿದರು. ಅವರು 2013ರ ಫೆಬ್ರುವರಿ 10ರಂದು ತೀರಿಕೊಂಡರು. ಆ ಶಾಸನದ ಮುಖ್ಯ ವಿಧಿಯನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ರದ್ದುಪಡಿಸಿದುದು ಅದೇ ವರ್ಷದ ಜೂನ್ 26ರಂದು. ಆ ತೀರ್ಪಿನ ಬಳಿಕ ಸೇನೆಯು ಇಂಥ ದಂಪತಿಗಳಿಗೂ ವಸತಿ, ಚಿಕಿತ್ಸೆ, ಜೀವನಾಂಶಗಳನ್ನು ಸಮನಾಗಿ ಕೊಡತೊಡಗಿತು.

ಹಣದ ಪ್ರಶ್ನೆಯನ್ನು ಒಲವಿನ ಪ್ರಶ್ನೆಯೊಡನೆ ಬೆರೆಸುವುದು ಕೆಲವರಿಗೆ ಹಿಡಿಸದು. ಆದರೆ ಮನೆ ನಡೆಸಿದವರು ಬಲ್ಲರು: ಒಲವಿಗೆ ಅಕ್ಕಿಯೂ ಬಾಡಿಗೆಯೂ ಔಷಧವೂ ಬೇಕು. ಸಾಯುವವನಿಗೆ ಉಳಿದವರ ಚಿಂತೆ ಇಲ್ಲದಿರುವುದೂ ಕ್ಷೇಮದ ಒಂದು ಅಂಗ.

ಮರೆಯ ಕಾಲದಲ್ಲಿ ಪ್ರೇಮಪತ್ರವು ಅಪರಾಧದ ಸಾಕ್ಷ್ಯವಾಗಿದ್ದಿತು. ಬ್ರಿಟನ್ನಿನ ಸೇನಾ ಪೋಲೀಸರು ಶಂಕಿತರ ಪೆಟ್ಟಿಗೆಗಳನ್ನು ಶೋಧಿಸಿ ಪತ್ರಗಳನ್ನೂ ಚಿತ್ರಗಳನ್ನೂ ಎತ್ತಿಕೊಂಡು ಹೋಗುತ್ತಿದ್ದರು. ಕೆಲವರು ಸೆರೆಮನೆ ಕಂಡರು, ಕೆಲವರ ಪದಕಗಳನ್ನು ಕಿತ್ತುಕೊಳ್ಳಲಾಯಿತು. ನ್ಯಾಯಮೂರ್ತಿ ಎಥರ್ಟನ್ ಅವರ ವಿಚಾರಣಾ ವರದಿಯು ಹೊರಬಂದ ದಿನ, 2023ರ ಜುಲೈ 19ರಂದು, ಅಂದಿನ ಪ್ರಧಾನಮಂತ್ರಿ ಋಷಿ ಸುನಕ್ ಅವರು ಪಾರ್ಲಿಮೆಂಟಿನಲ್ಲಿ ಇದಕ್ಕಾಗಿ ಕ್ಷಮೆ ಕೋರಿದರು. 2025ರ ಅಕ್ಟೋಬರಿನಲ್ಲಿ ಸ್ಟ್ಯಾಫರ್ಡ್‌ಷೈರಿನ ರಾಷ್ಟ್ರೀಯ ಸ್ಮಾರಕವನದಲ್ಲಿ ದೊರೆ ಚಾರ್ಲ್ಸ್ ಅವರ ಸಮ್ಮುಖದಲ್ಲಿ ಅನಾವರಣಗೊಂಡ ಸ್ಮಾರಕವು ಮುದುಡಿಸಿ ಮತ್ತೆ ಬಿಡಿಸಿದ ಒಂದು ಪತ್ರದ ಆಕಾರದಲ್ಲಿದೆ. ಕಂಚಿನಲ್ಲಿ ಎರಕ ಹೊಯ್ದುದು.

ನಿಜವಾದ ಪತ್ರಗಳೂ ಉಳಿದಿವೆ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಗಿಲ್ಬರ್ಟ್ ಬ್ರ್ಯಾಡ್ಲಿ ಎಂಬ ತರುಣ ಸೈನಿಕನು ಶ್ರಾಪ್‌ಷೈರಿನ ಆಸ್ವೆಸ್ಟ್ರಿ ಊರಿನ ಪಾಳೆಯದಲ್ಲಿದ್ದನು. ಅವನಿಗೆ ‘ಜಿ’ ಎಂಬ ಒಂದೇ ಅಕ್ಷರದ ಸಹಿಯಿಂದ ಪತ್ರಗಳು ಬರುತ್ತಿದ್ದವು. ಬರೆಯುತ್ತಿದ್ದವನು ಗಾರ್ಡನ್ ಬೌಷರ್. ಗಂಡಸರಿಬ್ಬರ ಒಲವಿಗೆ ಅಂದು ನಾಡಿನ ಕಾನೂನಿನಲ್ಲಿಯೇ ಸೆರೆಮನೆಯಿದ್ದಿತು. ಆದುದರಿಂದ ಗಾರ್ಡನ್ ತನ್ನ ಪತ್ರಗಳನ್ನೆಲ್ಲ ನಾಶಮಾಡಿಬಿಡೆಂದು ಬೇಡಿಕೊಂಡಿದ್ದನು. ಗಿಲ್ಬರ್ಟ್ 2008ರಲ್ಲಿ ತೀರಿಕೊಂಡಾಗ ಮನೆ ಖಾಲಿ ಮಾಡಿದವರ ಕೈಗೆ ಆ ಪತ್ರಗಳು ಸಿಕ್ಕವು. ಅವುಗಳಲ್ಲಿ ಕೆಲವನ್ನು ಮೊದಲು ಕೊಂಡ ಆಸ್ವೆಸ್ಟ್ರಿಯ ವಸ್ತುಸಂಗ್ರಹಾಲಯದವರು, ‘ಜಿ’ ಎಂಬುದು ಹೆಣ್ಣಿನ ಹೆಸರಿರಬೇಕೆಂದೇ ಎಣಿಸಿದ್ದರು; ಮುಂದೆ ಓದಿದಾಗ ನಿಜ ತಿಳಿಯಿತು. ನಾಶಮಾಡು ಎಂಬ ಮಾತನ್ನು ಗಿಲ್ಬರ್ಟ್ ಕೇಳಿರಲಿಲ್ಲ. ಅರವತ್ತು ವರ್ಷಗಳಿಗೂ ಮೀರಿ ಅವನು ಆ ನೂರಾರು ಪತ್ರಗಳನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದನು.